ಹಿಮ್ಮಾವಲ್ಲಿ ಅಡಿಗಲ್ಲು ಹಾಕೋ ಮುಂಚೆ ಒಂದ್ಸಲ ಗಾಂಧಿನಗರಕ್ಕೆ ಬನ್ನಿ ಸರ್

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಮಾನ್ಯ ಆಯುಕ್ತರಿಗೆ, ಜೊತೆಗೆ ಫಿಲ್ಮ್ ಸಿಟಿ ಫೈಲು ಸದ್ಯಕ್ಕೆ ಯಾರ ಟೇಬಲ್ ಮೇಲಿದ್ಯೋ ಅವರಿಗೂ,

ನಮಸ್ಕಾರ ಸರ್.

ನಾನು ಪ್ರೊಡ್ಯೂಸರೂ ಅಲ್ಲ, ಡೈರೆಕ್ಟರೂ ಅಲ್ಲ. 1994ರಲ್ಲಿ ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದು ತುಮಕೂರು ಕಡೆಯಿಂದ ಬಸ್ ಹತ್ತಿ ಬಂದು ಗಾಂಧಿನಗರದ ಒಂದು ಡಿಸ್ಟ್ರಿಬ್ಯೂಷನ್ ಆಫೀಸಲ್ಲಿ ಆಫೀಸ್ ಬಾಯ್ ಆಗಿ ಸೇರ್ಕೊಂಡೋನು, ಆಮೇಲೆ ಡಿಸ್ಟ್ರಿಬ್ಯೂಟರ್ ಕಡೆಯ ರೆಪ್ ಆದೆ, ಥಿಯೇಟರ್ ಥಿಯೇಟರ್ ಸುತ್ತಿ ಡಿಸಿಆರ್, ಅಂದ್ರೆ ದಿನದ ಕಲೆಕ್ಷನ್ ಲೆಕ್ಕ ಬರ್ಕೊಂಡು ಕಲೆಕ್ಷನ್ ತಂದುಕೊಟ್ಟೆ, ಡಿಜಿಟಲ್ ಬಂದು ಆ ಕೆಲಸ ಸವೆದು ಹೋದ್ಮೇಲೆ ಪ್ರೊಡಕ್ಷನ್ ಕಡೆ ಹೊರಳ್ಕೊಂಡು ಈಗ ಸೀರಿಯಲ್‌ಗಳಿಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಓಡಾಡ್ತಿದೀನಿ. ಮೂವತ್ತು ವರ್ಷದ ಮೇಲಾಯ್ತು. ಈ ಮೂವತ್ತು ವರ್ಷದಲ್ಲಿ ನಾನು ಇಂಡಸ್ಟ್ರಿ ಬಿಡ್ಲಿಲ್ಲ, ಆದ್ರೆ ಇಂಡಸ್ಟ್ರಿ ಮನೆ ಬದಲಾಯಿಸ್ತು, ನಾನೂ ಅದರ ಹಿಂದೆ ಗಂಟುಮೂಟೆ ಕಟ್ಕೊಂಡು ಓಡಿದೆ. ಅದನ್ನ ಹೇಳೋಣ ಅಂತಲೇ ಈ ಕಾಗದ.

2025ರ ಬಜೆಟ್‌ನಲ್ಲಿ ಮೈಸೂರಲ್ಲಿ ಅಂತಾರಾಷ್ಟ್ರೀಯ ಮಟ್ಟದ ಫಿಲ್ಮ್ ಸಿಟಿ ಅಂದ್ರಿ, 150 ಎಕರೆ ಜಾಗ ನಿಮ್ಮ ಇಲಾಖೆಗೆ ಬಂತು ಅಂದ್ರಿ, ಖಾಸಗಿಯವರ ಜೊತೆ ಸೇರಿ 500 ಕೋಟಿ ಅಂದ್ರಿ. ಸಂತೋಷ. ಆ ಜಾಗ ಇರೋ ಹಿಮ್ಮಾವು ನಂಜನಗೂಡು ತಾಲ್ಲೂಕು, ನಮ್ಮ ಲೈಟ್‌ಮ್ಯಾನ್ ಒಬ್ಬನ ಮಾವನ ಊರು ಅದೇ ಕಡೆ, ಜಾಗ ಚೆನ್ನಾಗಿದೆ ಅಂತ ಅವನೂ ಹೇಳ್ದ. ಆದ್ರೆ ಸರ್, ನಾವು ಫಿಲ್ಮ್ ಸಿಟಿ ಅನ್ನೋ ಪದ ಎಷ್ಟು ಸಲ ಕೇಳಿದೀವಿ ಗೊತ್ತಾ? ಒಮ್ಮೆ ಹೆಸರಘಟ್ಟ ಅಂದ್ರು, ಹುಲ್ಲುಗಾವಲು ಹಾಳಾಗುತ್ತೆ ಅಂತ ಪರಿಸರದೋರು ಅಡ್ಡ ನಿಂತ್ರು (ಅವರು ನಿಂತಿದ್ದು ಸರೀನೇ ಅಂತ ನನ್ನ ಅನಿಸಿಕೆ). ಒಮ್ಮೆ ರಾಮನಗರ ಅಂದ್ರು. 2019ರಲ್ಲಿ ಕನಕಪುರ ರೋಡಿನ ರೋರಿಚ್ ಎಸ್ಟೇಟ್ ಅಂದ್ರು. ಸರ್ಕಾರ ಬದಲಾದಾಗೆಲ್ಲ ಫಿಲ್ಮ್ ಸಿಟಿನೂ ಊರು ಬದಲಾಯಿಸ್ತು. ಯೂನಿಟ್ ಹುಡುಗರು ಊಟದ ಹೊತ್ತಲ್ಲಿ ಇದನ್ನ ಜೋಕ್ ಮಾಡ್ಕೊಂಡು ನಗ್ತಾರೆ, ಈ ಫಿಲ್ಮ್ ಸಿಟಿ ನಮ್ಮ ಟೆಂಪೋ ಟ್ರಾವೆಲರ್‌ಗಿಂತ ಜಾಸ್ತಿ ಸುತ್ತಿದೆ ಕಣಣ್ಣಾ ಅಂತ.

ಈ ಸಲ ಆಗ್ಲಿ ಸರ್, ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಸಿನಿಮಾದೋರು ಒಂದು ಜಾಗದಲ್ಲಿ ಯಾಕೆ ಸೇರ್ತಾರೆ, ಯಾಕೆ ಬಿಟ್ಟು ಹೋಗ್ತಾರೆ ಅನ್ನೋದು ಗೊತ್ತಿಲ್ದೆ ಕಾಂಪೌಂಡ್ ಕಟ್ಟಿದ್ರೆ ಒಳಗೆ ಇರೋದು ವಾಚ್‌ಮ್ಯಾನ್ ಮಾತ್ರ.

ಮೊದ್ಲು ಗಾಂಧಿನಗರ ಯಾಕೆ ಗಾಂಧಿನಗರ ಆಯ್ತು ಅನ್ನೋದು ಹೇಳ್ತೀನಿ. ಈಗಿನ ಹುಡುಗರಿಗೆ ಅದು ಬರೀ ಪೇಪರಲ್ಲಿ ಬರೋ ಪದ, 'ಗಾಂಧಿನಗರದಲ್ಲಿ ಗುಸುಗುಸು' ಅಂತ. ಅಲ್ಲಿ ಯಾವ ಸ್ಟುಡಿಯೋನೂ ಇರ್ಲಿಲ್ಲ ಸರ್, ಒಂದು ಶಾಟ್ ತೆಗೆಯೋಕೆ ಜಾಗ ಇರ್ಲಿಲ್ಲ. ಇದ್ದಿದ್ದು ಏನಪ್ಪಾ ಅಂದ್ರೆ ಈ ಕಡೆ ರೈಲ್ವೆ ಸ್ಟೇಷನ್ನು, ಎದುರಿಗೆ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಬಸ್ ಸ್ಟ್ಯಾಂಡು, ಪಕ್ಕಕ್ಕೆ ಕೆಂಪೇಗೌಡ ರಸ್ತೆ ತುಂಬ ಥಿಯೇಟರು. ಅಷ್ಟೇ. ಆ ಏರಿಯಾಗೆ ಮೆಜೆಸ್ಟಿಕ್ ಅನ್ನೋ ಹೆಸರೇ ಒಂದು ಥಿಯೇಟರಿಂದ ಬಂದಿದ್ದು, ಥಿಯೇಟರು ಹೋಯ್ತು, ಹೆಸರು ಮಾತ್ರ ಬಸ್ಸಿನ ಬೋರ್ಡಲ್ಲಿ ಉಳ್ಕೊಂಡಿದೆ. ಸಿನಿಮಾ ಅನ್ನೋದು ಆಗ ಒಂದು ಸಾಮಾನು. ತಗಡಿನ ಪೆಟ್ಟಿಗೆ, ಒಳಗೆ ರೀಲು. ನಾವು ಬಾಕ್ಸ್ ಅಂತಿದ್ವಿ. ಆ ಬಾಕ್ಸು ಶುಕ್ರವಾರ ಬೆಳಿಗ್ಗೆ ಒಳಗೆ ಹಾವೇರಿಗೋ ಸಿಂಧನೂರಿಗೋ ಚಳ್ಳಕೆರೆಗೋ ತಲುಪಬೇಕು, ತಲುಪಲಿಲ್ಲ ಅಂದ್ರೆ ಅಲ್ಲಿ ಮಾರ್ನಿಂಗ್ ಶೋಗೆ ಬಂದ ಜನ ಕುರ್ಚಿ ಕಿತ್ತುಹಾಕ್ತಾರೆ. ಹಾಗಾಗಿ ಬಸ್ ಸ್ಟ್ಯಾಂಡಿಗೆ ನಡ್ಕೊಂಡು ಹೋಗೋ ದೂರದಲ್ಲಿ ಆಫೀಸು ಇರ್ಲೇಬೇಕಿತ್ತು. ಸಿನಿಮಾದೋರು ಗಾಂಧಿನಗರಕ್ಕೆ ಬಂದಿದ್ದು ಬಸ್ಸಿನ ಟೈಮಿಂಗ್ ನೋಡ್ಕೊಂಡು.

ಗುರುವಾರ ರಾತ್ರಿ ಹೆಂಗಿರ್ತಿತ್ತು ಅಂತ ನೀವು ನೋಡ್ಬೇಕಿತ್ತು ಸರ್. ಮದ್ರಾಸಿನ ಲ್ಯಾಬಿಂದ ಪ್ರಿಂಟು ಸಾಯಂಕಾಲಕ್ಕೆ ಬರ್ಬೇಕು, ಬರಲ್ಲ, ಎಂಟಾಯ್ತು ಒಂಬತ್ತಾಯ್ತು, ಓನರ್ರು ಫೋನ್ ಹಿಡ್ಕೊಂಡು ಬೈತಾ ಕೂತಿರ್ತಾರೆ, ಬಂತು ಅಂದ್ಕೂಡ್ಲೆ ನಾನು, ಇನ್ನಿಬ್ರು ಹುಡುಗ್ರು ತಲೆ ಮೇಲೆ ಟವೆಲ್ ಸುರುಳಿ ಸುತ್ಕೊಂಡು ಬಾಕ್ಸ್ ಇಟ್ಕೊಂಡು ಓಡೋದು. ಮೆಟ್ಟಿಲಿಳಿಯುವಾಗ ತಗಡಿನ ಮೂಲೆ ಹೆಗಲಿಗೆ ತಾಗಿ ಕೊಯ್ಯೋದು, ನನ್ನ ಎಡಗಡೆ ಹೆಗಲಲ್ಲಿ ಆ ಗೀರು ಇನ್ನೂ ಇದೆ. ಕಂಡಕ್ಟರ್‌ಗಳ ಹೆಸರು ನಮಗೆ ಬಾಯಿಪಾಠ. ಬಳ್ಳಾರಿ ಬಸ್ಸಿನ ಕಂಡಕ್ಟರು ಒಬ್ರಿದ್ರು, ಬಾಕ್ಸ್ ನೋಡಿದ ಕೂಡ್ಲೆ 'ಯಾವ ಪಿಚ್ಚರ್ರೋ ಇದು, ಓಡುತ್ತೇನೋ?' ಅಂತ ಕೇಳೋರು, ಓಡುತ್ತೆ ಅಂದ್ರೆ ಅವರ ಸೀಟಿನ ಪಕ್ಕ ಇಟ್ಕೊಳೋರು, ಡೌಟು ಅಂದ್ರೆ ಟಾಪ್ ಮೇಲೆ ಹಾಕ್ಸೋರು. ಚಿಕ್ಕ ಊರಲ್ಲಿ ಒಂದೇ ಪ್ರಿಂಟನ್ನ ಎರಡು ಥಿಯೇಟರಿಗೆ ಓಡಿಸ್ತಿದ್ರು, ಈ ಕಡೆ ಮೂರನೇ ರೀಲು ಮುಗೀತಿದ್ದಂಗೆ ಸೈಕಲ್ ಮೇಲೆ ಆ ಕಡೆ ಥಿಯೇಟರಿಗೆ ಹೋಗೋದು, ದಾರೀಲಿ ಸೈಕಲ್ ಪಂಚರ್ ಆಯ್ತು ಅಂದ್ರೆ ಅಲ್ಲಿ ಇಂಟರ್ವಲ್ಲು ಉದ್ದ.

ಇದರ ಸುತ್ತ ಮಿಕ್ಕಿದ್ದೆಲ್ಲ ತಾನಾಗೇ ಬೆಳೀತು. ಬಿಕೆಟಿ ಹಕ್ಕು, ಅಂದ್ರೆ ಬೆಂಗಳೂರು ಕೋಲಾರ ತುಮಕೂರು, ಒಬ್ರ ಹತ್ರ. ಮೈಸೂರು ಮಂಡ್ಯ ಹಾಸನ ಇನ್ನೊಬ್ರ ಹತ್ರ. ಬಾಂಬೆ ಕರ್ನಾಟಕ ಹೈದರಾಬಾದ್ ಕರ್ನಾಟಕ ಮತ್ತೊಬ್ರು. ಎಲ್ರೂ ಒಂದೇ ಬೀದೀಲಿ, ಎಷ್ಟೋ ಸಲ ಒಂದೇ ಬಿಲ್ಡಿಂಗಿನ ಬೇರೆ ಬೇರೆ ಮಹಡೀಲಿ. ಹಾಗಾಗಿ ಪಿಚ್ಚರ್ ಮಾಡೋರು ದುಡ್ಡಿಗೆ ಅಲ್ಲಿಗೇ ಬರ್ಬೇಕು, ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್ ಕೊಟ್ರೆ ತಾನೇ ಮುಹೂರ್ತ. ಪ್ರೊಡ್ಯೂಸರ್ ಬಂದ ಅಂದ್ರೆ ಡೈರೆಕ್ಟರ್ ಬರ್ತಾನೆ, ಡೈರೆಕ್ಟರ್ ಬಂದ ಅಂದ್ರೆ ಕತೆ ಹಿಡ್ಕೊಂಡ ಹುಡುಗರು ಹೋಟ್ಲು ಮುಂದೆ ನಿಂತಿರ್ತಾರೆ, ಫೋಟೋ ಆಲ್ಬಂ ಹಿಡ್ಕೊಂಡ ಹೀರೋ ಆಗೋರು, ಸ್ಟಿಲ್ ಫೋಟೋಗ್ರಾಫರ್ರು, ಪೋಸ್ಟರ್ ಡಿಸೈನರ್ರು, ಪೋಸ್ಟರ್ ಅಂಟಿಸೋ ಮೇಸ್ತ್ರಿ, ಕಟೌಟ್ ಬರೆಯೋರು. ಬೈಟೂ ಕಾಫಿ ಮೇಲೆ ವ್ಯವಹಾರ. ಯಾರ ಚೆಕ್ ಬೌನ್ಸ್ ಆಯ್ತು, ಯಾರ ಪಿಚ್ಚರ್ ಮೊದಲ ವಾರಕ್ಕೇ ಮಲಗ್ತು, ಯಾವ ಕ್ಯಾಮೆರಾಮನ್ ಖಾಲಿ ಇದಾನೆ, ಎಲ್ಲ ಆ ಫುಟ್‌ಪಾತಲ್ಲೇ ಗೊತ್ತಾಗ್ತಿತ್ತು. ನೂರು ವರ್ಷಕ್ಕೂ ಹಿಂದೆ ಮಾರ್ಷಲ್ ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರು ಒಬ್ರು ಇದನ್ನೇ ಬರೆದಿದಾರಂತೆ, ಒಂದೇ ಕಸುಬಿನೋರು ಒಂದೇ ಕಡೆ ಇದ್ರೆ ಆ ಕಸುಬಿನ ಗುಟ್ಟು ಗಾಳೀಲೇ ಇರುತ್ತೆ ಅಂತ. ನನ್ನ ಮಗಳು ಬಿಕಾಂ ಓದುವಾಗ ಹೇಳಿದ್ದು. ನಾನಂದೆ, ಗಾಳೀಲಿ ಇರ್ತಿರ್ಲಿಲ್ಲಮ್ಮ, ಕಾಫೀಲಿ ಇರ್ತಿತ್ತು.

ಅದಕ್ಕೂ ಮುಂಚೆ ನಮ್ಮ ಸಿನಿಮಾ ಎಲ್ಲಿತ್ತು? ಇದನ್ನ ನಮ್ಮೋರೇ ಮರೀತಾರೆ. ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' 1934ರಲ್ಲಿ ಬಂತಲ್ಲ, ದುಡ್ಡು ಹಾಕಿದ್ದು ಬೆಂಗಳೂರಿನ ಮಾರ್ವಾಡಿ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ, ಶೂಟಿಂಗ್ ಆಗಿದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಯಾಕೆ ಕೊಲ್ಲಾಪುರ? ಅಲ್ಲಿ ಸ್ಟುಡಿಯೋ ಇತ್ತು, ಕ್ಯಾಮೆರಾ ಇತ್ತು, ಸೌಂಡ್ ಇತ್ತು, ಕೆಲಸ ಗೊತ್ತಿರೋ ಜನ ಇದ್ರು. ಆಮೇಲೆ ಮದ್ರಾಸು. ಐವತ್ತು ಅರವತ್ತರ ದಶಕದಲ್ಲಿ ಕನ್ನಡ ಸಿನಿಮಾ ಅಂದ್ರೆ ಕೋಡಂಬಾಕಮ್ಮು, ಎವಿಎಂ, ವಿಜಯಾ-ವಾಹಿನಿ. ರಾಜಣ್ಣನ ಸಂಸಾರವೇ ಅಲ್ಲಿತ್ತು, ಶಿವಣ್ಣ ಹುಟ್ಟಿದ್ದೂ ಅಲ್ಲೇ, ಅಪ್ಪು ಹುಟ್ಟಿದ್ದೂ ಅಲ್ಲೇ. ಕನ್ನಡದ ಪಾತ್ರ ಮಾಡೋರು ಮದ್ರಾಸಿನ ಬಾಡಿಗೆ ಮನೇಲಿ ಕೂತು ಕಾಲ್‌ಶೀಟ್‌ಗೆ ಕಾಯ್ತಿದ್ರು. ಅಲ್ಲಿಂದ ಇಲ್ಲಿಗೆ ಎಳ್ಕೊಂಡು ಬಂದಿದ್ದು ಒಂದೇ ದಿನದ ಕೆಲಸ ಅಲ್ಲ. ಅರವತ್ತರ ದಶಕದಲ್ಲಿ ಸರ್ಕಾರ ರಾಜ್ಯದೊಳಗೇ ತಯಾರಾಗೋ ಚಿತ್ರಕ್ಕೆ ಸಬ್ಸಿಡಿ ಅಂತ ಶುರು ಮಾಡ್ತು, 1966ರಲ್ಲಿ ಕಂಠೀರವ ಸ್ಟುಡಿಯೋ ಬಂತು, ಕಿವಿ ಸರಿಯಾಗಿ ಕೇಳ್ದೆ ಇದ್ರೂ ಟೈಮಿಂಗಲ್ಲಿ ಎಲ್ರನ್ನೂ ಮೀರಿಸ್ತಿದ್ದ ಹಾಸ್ಯನಟ ಬಾಲಕೃಷ್ಣ ಇದ್ದಬದ್ದದ್ದೆಲ್ಲ ಸುರಿದು ಕೆಂಗೇರಿ ಕಡೆ ಅಭಿಮಾನ್ ಸ್ಟುಡಿಯೋ ಕಟ್ಟಿದ್ರು, ಎಂಬತ್ತರ ದಶಕದಲ್ಲಿ ರೆಕಾರ್ಡಿಂಗ್‌ಗೂ ಮದ್ರಾಸಿಗೆ ಓಡೋದು ತಪ್ಪಲಿ ಅಂತ ಶಂಕರ್ ನಾಗ್ ಸಂಕೇತ್ ಸ್ಟುಡಿಯೋ ಮಾಡಿದ್ರು. ಇಷ್ಟಾದ್ರೂ ನಾನು ಕೆಲಸಕ್ಕೆ ಸೇರಿದಾಗ ನೆಗೆಟಿವ್ ಹೊತ್ಕೊಂಡು ರಾತ್ರಿ ಮದ್ರಾಸ್ ರೈಲು ಹತ್ತೋರು ಇದ್ದೇ ಇದ್ರು. ನಟರು ವಾಪಸ್ ಬಂದ ಎಷ್ಟೋ ವರ್ಷದ ಮೇಲೂ ಲ್ಯಾಬು ಬರ್ಲಿಲ್ಲ. ಗಮನಿಸಿ ಸರ್, ಒಂದು ಇಂಡಸ್ಟ್ರಿ ಇಡಿಯಾಗಿ ಎದ್ದು ಬರಲ್ಲ, ಕೈ ಮೊದ್ಲು ಬರುತ್ತೆ ಕಾಲು ಆಮೇಲೆ ಬರುತ್ತೆ, ಮಧ್ಯದಲ್ಲಿ ಇಪ್ಪತ್ತು ವರ್ಷ ಹೋಗುತ್ತೆ.

ಇನ್ನು ಗಾಂಧಿನಗರ ಹೆಂಗೆ ಖಾಲಿ ಆಯ್ತು ಅಂತ. ಎಲ್ರೂ ಮಲ್ಟಿಪ್ಲೆಕ್ಸ್ ಬಂತು ಅಂತಾರೆ, ಮೊಬೈಲ್ ಬಂತು ಅಂತಾರೆ. ನನ್ನ ಲೆಕ್ಕದಲ್ಲಿ ಗಾಂಧಿನಗರ ಮುಗಿದಿದ್ದು ಬಾಕ್ಸ್ ನಿಂತ ದಿನ. ಯುಎಫ್‌ಓ, ಕ್ಯೂಬ್ ಅಂತ ಡಿಜಿಟಲ್ ಕಂಪನಿಗಳು ಬಂದ್ವು, ಪಿಚ್ಚರ್ರು ಸ್ಯಾಟಲೈಟಲ್ಲಿ ಹಾರ್ಕೊಂಡು ಹೋಗೋಕೆ ಶುರುವಾಯ್ತು, ಇಲ್ಲಾ ಒಂದು ಹಾರ್ಡ್ ಡಿಸ್ಕಲ್ಲಿ. 2010ರ ಆಸುಪಾಸಿಗೆ ನಮ್ಮ ಆಫೀಸಿನ ಗೋಡೌನಲ್ಲಿ ತಗಡಿನ ಬಾಕ್ಸುಗಳು ಗುಜರಿಗೆ ಹೋದ್ವು, ಕೆಜಿ ಲೆಕ್ಕದಲ್ಲಿ. ಯಾವಾಗ ಬಸ್ ಸ್ಟ್ಯಾಂಡ್ ಪಕ್ಕ ಇರ್ಬೇಕು ಅನ್ನೋ ಕಾರಣ ಹೋಯ್ತೋ ಆಗ ಮೆಜೆಸ್ಟಿಕ್ ಬಾಡಿಗೆ ಯಾಕೆ ಕಟ್ಬೇಕು? ಪಾರ್ಕಿಂಗ್ ಇಲ್ಲ, ಮೆಟ್ರೋಗೆ ಅಗೆದಿದ್ದು ವರ್ಷಗಟ್ಟಲೆ ಮುಚ್ಲಿಲ್ಲ, ಪಕ್ಕದ ಬಿಲ್ಡಿಂಗ್ ಲಾಡ್ಜ್ ಆಯ್ತು, ಅದರ ಪಕ್ಕದ್ದು ಮೊಬೈಲ್ ಅಂಗಡಿ ಆಯ್ತು. ಥಿಯೇಟರುಗಳೂ ಒಂದೊಂದೇ ಬಿದ್ವು. ಸಾಗರ್ ಹೋಯ್ತು, ಅಲಂಕಾರ್ ಯಾವತ್ತೋ ಪ್ಲಾಜಾ ಆಯ್ತು. ಕಪಾಲಿ, 1968ರಲ್ಲಿ ಓಪನ್ ಆಗಿದ್ದು, ಆ ದೊಡ್ಡ ಪರದೆ ಮುಂದೆ ನಾನು ಎಷ್ಟು ಶುಕ್ರವಾರ ನಿಂತಿದೀನೋ ಲೆಕ್ಕ ಇಲ್ಲ, 2017ರಲ್ಲಿ ಅದೂ ಹೋಯ್ತು. ಒಡೆಯೋವಾಗ ನೋಡೋಕೆ ಹೋಗಿದ್ದೆ. ಜೆಸಿಬಿ ಬಾಲ್ಕನಿ ಎಳೀತಾ ಇತ್ತು. ಒಬ್ಬ ಹಳೇ ಬ್ಲಾಕ್ ಟಿಕೆಟ್ ಮಾರೋನು ಎದುರುಗಡೆ ನಿಂತ್ಕೊಂಡು ಬೀಡಿ ಸೇದ್ತಿದ್ದ, ಇಬ್ರೂ ಮಾತಾಡ್ಲಿಲ್ಲ.

ಸರಿ, ಜನ ಎಲ್ಲಿಗೆ ಹೋದ್ರು? ಇದೇ ಸರ್ ನಿಮ್ಮ ಇಲಾಖೆ ಹತ್ರ ಇಲ್ಲದ ಮ್ಯಾಪು. ನಾಗರಬಾವಿ, ಚಂದ್ರಾ ಲೇಔಟ್, ವಿಜಯನಗರ, ರಾಜರಾಜೇಶ್ವರಿನಗರ, ಕೆಂಗೇರಿ, ಉತ್ತರಹಳ್ಳಿ. ಯಾವ ಬೋರ್ಡೂ ಇರಲ್ಲ. ಕೆಳಗಡೆ ಓನರ್ ಮನೆ, ಮೊದಲ ಮಹಡೀಲಿ ಪಿಜಿ, ಎರಡನೇ ಮಹಡೀಲಿ ಒಂದು ರೂಮಲ್ಲಿ ಎಡಿಟಿಂಗು, ಪಕ್ಕದ ರೂಮಲ್ಲಿ ಮೊಟ್ಟೆ ಟ್ರೇ ಥರದ ಫೋಮ್ ಅಂಟಿಸ್ಕೊಂಡು ಡಬ್ಬಿಂಗು. ಕುಕ್ಕರ್ ಸೀಟಿ ಹೊಡೆದ್ರೆ ಟೇಕ್ ಕಟ್ಟು. ಮೇಲಿನ ಟೆರೇಸಲ್ಲಿ ಬಟ್ಟೆ ಒಣಗ್ತಿರುತ್ತೆ, ಅಲ್ಲೇ ಕೂತು ಕತೆ ಡಿಸ್ಕಷನ್ನು. ವರ್ಷಕ್ಕೆ ಇನ್ನೂರರ ಮೇಲೆ ಕನ್ನಡ ಪಿಚ್ಚರ್ ರಿಲೀಸ್ ಆಗ್ತವಲ್ಲ, ಅದ್ರಲ್ಲಿ ಎಷ್ಟೋ ಇಂಥ ರೂಮಲ್ಲೇ ಹುಟ್ಟಿರೋವು. ಇನ್ನು ಸೀರಿಯಲ್. ಫಿಲ್ಮ್ ಸಿಟಿ ಅಂತ ಮೀಟಿಂಗ್ ಮಾಡೋವಾಗ ಸೀರಿಯಲ್‌ನೋರನ್ನ ಯಾರೂ ಕರೆಯಲ್ಲ, ಆದ್ರೆ ದಿನಾ ಬೆಳಿಗ್ಗೆ ಎದ್ದು ಬಾಟಾ (ದಿನದ ಭತ್ಯೆ) ತಗೊಂಡು ಮನೆ ನಡೆಸ್ತಿರೋ ಲೈಟ್‌ಮ್ಯಾನು, ಮೇಕಪ್ಪು, ಕಾಸ್ಟ್ಯೂಮು, ಅಡುಗೆಯೋರು, ಇವರಿಗೆಲ್ಲ ಅನ್ನ ಹಾಕ್ತಿರೋದು ಸೀರಿಯಲ್ಲು. ಶೂಟಿಂಗ್ ಮನೆ ಅಂತಲೇ ಇರ್ತವೆ ಆ ಕಡೆ, ದಿನದ ಬಾಡಿಗೆಗೆ. ಒಂದೇ ಮನೇಲಿ ಮೇಲ್ಗಡೆ ಒಂದು ಸೀರಿಯಲ್ಲಿನ ಅತ್ತೆ ಸೊಸೆ ಜಗಳ, ಕೆಳಗಡೆ ಇನ್ನೊಂದು ಸೀರಿಯಲ್ಲಿನ ಸತ್ಯನಾರಾಯಣ ಪೂಜೆ, ನಾನು ಮಧ್ಯದ ಮೆಟ್ಟಿಲ ಮೇಲೆ ನಿಂತು ಎರಡೂ ಯೂನಿಟ್ಟಿಗೂ ಸೈಲೆನ್ಸ್ ಅಂತ ಕಿರುಚಿದೀನಿ.

ಈ ಜನ ಆ ಏರಿಯಾಗಳಿಗೇ ಯಾಕೆ ಹೋದ್ರು? ಬಾಡಿಗೆ ಕಮ್ಮಿ ಇತ್ತು, ಅಷ್ಟೇ ಅಲ್ಲ, ಕಂಠೀರವ ಒಂದು ಕಡೆ, ಕೆಂಗೇರಿ ಬಿಡದಿ ಕಡೆ ಲೊಕೇಶನ್ನು ಇನ್ನೊಂದು ಕಡೆ, ಮಧ್ಯದಲ್ಲಿ ರಿಂಗ್ ರೋಡು. ಬೆಳಿಗ್ಗೆ ಐದೂವರೆಗೆ ಯೂನಿಟ್ ವ್ಯಾನು ಎಲ್ಲಿ ನಿಲ್ಲುತ್ತೋ ಅದರ ಹತ್ರ ಮನೆ ಮಾಡ್ತಾರೆ. ಮೊದ್ಲು ಬಸ್ ಸ್ಟ್ಯಾಂಡು, ಈಗ ವ್ಯಾನ್ ಸ್ಟಾಪು. ಲೆಕ್ಕ ಅದೇ.

ಇದೇ ಊರಿನ ಆ ತುದೀಲಿ, ವೈಟ್‌ಫೀಲ್ಡು ಔಟರ್ ರಿಂಗ್ ರೋಡು ಕಡೆ, ಇನ್ನೊಂದು ಸಿನಿಮಾ ಊರೇ ಇದೆ. ಕಂಪ್ಯೂಟರಲ್ಲಿ ದೃಶ್ಯ ಮಾಡೋ ವಿಎಫ್ಎಕ್ಸು, ಅನಿಮೇಷನ್ನು, ಗೇಮಿಂಗು. ಇದಕ್ಕೆ ಅಂತ 2012ರಲ್ಲೇ ಪಾಲಿಸಿ ತಂದ ಮೊದಲ ರಾಜ್ಯ ನಮ್ದು, ಅದಕ್ಕೆ ನಿಮ್ಮೋರಿಗೆ ಶಭಾಷ್ ಅನ್ಲೇಬೇಕು. ಆದ್ರೆ ಆ ಊರಿಗೂ ಈ ಊರಿಗೂ ಮಾತುಕತೆ ಇಲ್ಲ. ಅಲ್ಲಿನ ಹುಡುಗ ಹಾಲಿವುಡ್ ಪಿಚ್ಚರ್ರಿನ ಸಿಂಹದ ಕೂದಲು ಬಾಚ್ತಿರ್ತಾನೆ, ನಮ್ಮ ಪಿಚ್ಚರ್ರಿನ ಹುಲಿ ಬೆಕ್ಕಿನ ಥರ ಕಾಣ್ತಿರುತ್ತೆ. 2025ರ ಫೆಬ್ರವರೀಲಿ ಟೆಕ್ನಿಕಲರ್ ಅನ್ನೋ ವಿಎಫ್ಎಕ್ಸ್ ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಜನ ಒಂದೇ ಏಟಿಗೆ ಬೀದಿಗೆ ಬಂದ್ರು, ತೊಂದ್ರೆ ಶುರುವಾಗಿದ್ದು ಎಲ್ಲೋ ಯೂರೋಪಲ್ಲಿ, ಏಟು ಬಿದ್ದಿದ್ದು ಇಲ್ಲಿ. ನಮ್ಮ ಪರಿಚಯದೋರ ಮಗ ಒಬ್ಬ ಅಲ್ಲಿದ್ದ, ಈಗ ನಾಗರಬಾವೀಲಿ ಒಂದು ರೂಮು ಮಾಡ್ಕೊಂಡು ಕನ್ನಡ ಪಿಚ್ಚರ್ರಿಗೆ ಕೆಲಸ ಮಾಡ್ತಾನೆ, ಸಂಬಳ ಅರ್ಧಕ್ಕರ್ಧ. ಅವನು ಹೇಳ್ತಾನೆ, ಅಣ್ಣ ಇಷ್ಟು ವರ್ಷ ನಮಗೆ ನೀವು ಇದೀರಾ ಅಂತಲೇ ಗೊತ್ತಿರ್ಲಿಲ್ಲ ಅಂತ. ಒಂದೇ ಊರು ಸರ್!

ಈಗ ಫಿಲ್ಮ್ ಸಿಟಿ ವಿಷಯಕ್ಕೆ ಬರ್ತೀನಿ. ನೀವು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ ನೋಡಿ ಬಂದಿರ್ತೀರಾ, ಎಲ್ಲ ಮಂತ್ರಿಗಳೂ ನೋಡಿ ಬರ್ತಾರೆ. ಅದು 1996ರಲ್ಲಿ ಶುರುವಾಗಿದ್ದು. ಆದ್ರೆ ತೆಲುಗು ಇಂಡಸ್ಟ್ರಿ ಮದ್ರಾಸಿಂದ ಹೈದರಾಬಾದಿಗೆ ಬಂದಿದ್ದು ಅದರಿಂದ ಅಲ್ಲ, ಅದಕ್ಕಿಂತ ಇಪ್ಪತ್ತು ವರ್ಷ ಮುಂಚೆ ನಟ ಅಕ್ಕಿನೇನಿ ನಾಗೇಶ್ವರ ರಾವ್ ಅವರು ಅನ್ನಪೂರ್ಣ ಸ್ಟುಡಿಯೋ ಕಟ್ಟಿದ್ರಲ್ಲ, ಆಗಿನಿಂದ ಒಬ್ಬೊಬ್ಬರೇ ಬಂದ್ರು. ಇವತ್ತಿಗೂ ಆಫೀಸುಗಳು ಫಿಲ್ಮ್ ನಗರ್, ಜುಬಿಲಿ ಹಿಲ್ಸಲ್ಲಿ, ಜೂನಿಯರ್ ಆರ್ಟಿಸ್ಟ್‌ಗಳು, ಸಣ್ಣ ಟೆಕ್ನಿಷಿಯನ್‌ಗಳು ಕೃಷ್ಣಾನಗರದ ಗಲ್ಲಿಗಳಲ್ಲಿ. ಬೆಳಿಗ್ಗೆ ಹೋಗಿ ನೋಡಿ, ಕೃಷ್ಣಾನಗರದ ರೋಡ್ ಮೇಲೆ ನಿಂತಿರ್ತಾರೆ ಗುಂಪು ಗುಂಪಾಗಿ, ಬಸ್ ಬಂದು ತುಂಬ್ಕೊಂಡು ಹೋಗುತ್ತೆ. ರಾಮೋಜಿ ಅನ್ನೋದು ಶೂಟಿಂಗ್‌ಗೆ ಹೋಗಿ ಬರೋ ಜಾಗ, ಜನ ಇರೋದು ಊರೊಳಗೆ. ಮುಂಬೈದು ನೋಡಿ. ಗೋರೆಗಾಂವ್ ಫಿಲ್ಮ್ ಸಿಟಿ 1977ರಲ್ಲಿ ಸರ್ಕಾರವೇ ಮಾಡಿದ್ದು, ನಡೀತು. ಯಾಕೆ ನಡೀತು ಅಂದ್ರೆ ಅದೇ ಗೋರೆಗಾಂವಲ್ಲಿ ನಲವತ್ತರ ದಶಕದಿಂದ ಫಿಲ್ಮಿಸ್ತಾನ್ ಇತ್ತು, ಪಕ್ಕದ ಮಲಾಡಲ್ಲಿ ಅದಕ್ಕೂ ಮುಂಚೆ ಬಾಂಬೆ ಟಾಕೀಸ್ ಇತ್ತು, ಲೋಕಲ್ ಟ್ರೈನ್ ಇತ್ತು. ಇದ್ದ ಒಲೆಗೆ ಸರ್ಕಾರ ಸೌದೆ ಹಾಕ್ತು. ಕೊಲ್ಲಾಪುರಕ್ಕೆ ಬನ್ನಿ, ನಮ್ಮ ಮೊದಲ ಟಾಕಿ ತೆಗೆದ ಊರು. ಅಲ್ಲಿದ್ದ ಪ್ರಭಾತ್ ಕಂಪನಿ 1933ರಲ್ಲೇ ಪುಣೆಗೆ ಹೋಯ್ತು, ಆಮೇಲೆ ಒಬ್ಬೊಬ್ರೇ ಮುಂಬೈ ಸೇರಿದ್ರು. ಎಂಬತ್ತರ ದಶಕದಲ್ಲಿ ಸರ್ಕಾರ ಮತ್ತೆ ಅಲ್ಲಿ ಚಿತ್ರನಗರಿ ಅಂತ ಕಟ್ತು, ಜನ ಬರ್ಲಿಲ್ಲ, ಎಷ್ಟೋ ವರ್ಷ ಕೆಲಸ ಇಲ್ದೆ ಬಿದ್ದಿತ್ತು. ಒಲೆ ಆರಿ ಬೂದಿ ಆದ್ಮೇಲೆ ಸೌದೆ ತಂದ್ರೆ ಹೊಗೆನೂ ಬರಲ್ಲ.

ನಮ್ಮ ರಾಮನಗರವೇ ಇದೆಯಲ್ಲ. ಎಪ್ಪತ್ತರ ದಶಕದಲ್ಲಿ 'ಶೋಲೆ'ಗೆ ಅಂತ ಬೆಟ್ಟದ ಬುಡದಲ್ಲಿ ಇಡೀ ಊರೇ ಸೆಟ್ ಹಾಕಿದ್ರು, ವರ್ಷಾನುಗಟ್ಟಲೆ ಶೂಟಿಂಗ್ ಆಯ್ತು. ಅವರು ಹೋದ್ಮೇಲೆ ಏನುಳೀತು? ನೋಡೋಕೆ ಬರೋರಿಗೆ ತೋರ್ಸೋಕೆ ಬಂಡೆ ಉಳೀತು. ಆ ಊರು ಇವತ್ತೂ ರೇಷ್ಮೆ ಗೂಡಿನ ಮಾರ್ಕೆಟ್ಟಿಂದ ಬದುಕ್ತಿದೆ, ಯಾಕಂದ್ರೆ ಅಲ್ಲಿ ಗೂಡು ತರೋ ರೈತ, ನೂಲು ತೆಗೆಯೋ ರೀಲರ್ರು, ಹರಾಜು, ಎಲ್ಲ ಒಂದೇ ಕಡೆ ಇದೆ. ರೀಲು ಅನ್ನೋ ಪದ ಅವರಿಗೂ ಇದೆ ನಮಗೂ ಇದೆ, ಅವರ ರೀಲು ಇನ್ನೂ ಸುತ್ತುತ್ತಿದೆ.

ಮೈಸೂರಿನ ಬಗ್ಗೆ ನಂಗೆ ಪ್ರೀತಿ ಇದೆ, ತಪ್ಪು ತಿಳ್ಕೋಬೇಡಿ. ಕಂಠೀರವಕ್ಕಿಂತ ಮುಂಚೆಯೇ ಸ್ಟುಡಿಯೋ ನೋಡಿದ ಊರು ಅದು, ನವಜ್ಯೋತಿ, ಪ್ರೀಮಿಯರ್. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋ ಬೆಂಕೀಲಿ 62 ಜನ ಹೋದ್ರು, ಹಳೇ ಲೈಟ್‌ಮ್ಯಾನ್‌ಗಳು ಇವತ್ತೂ ಸೆಟ್ ಒಳಗೆ ಕಾಲಿಟ್ಟ ಕೂಡ್ಲೆ ಬಾಗಿಲು ಎಷ್ಟಿದೆ ಅಂತ ನೋಡ್ತಾರೆ, ಹಿಮ್ಮಾವಲ್ಲಿ ಫ್ಲೋರ್, ಅಂದ್ರೆ ಶೂಟಿಂಗ್ ಹಾಲ್ ಕಟ್ಟೋರು ಮೊದ್ಲು ಆ ಮುದುಕರನ್ನ ಕರೆಸಿ ಕೇಳಿ. ಅದೇ ವರ್ಷ ಮೈಸೂರಲ್ಲೇ ಬಿ.ವಿ. ಕಾರಂತರು ರಂಗಾಯಣ ಶುರು ಮಾಡಿದ್ರು. ಅಂದ್ರೆ ಆ ಊರಲ್ಲಿ ನಟರಿದಾರೆ, ಸೆಟ್ ಮಾಡೋ ಕೈ ಇದೆ, ಕಾಸ್ಟ್ಯೂಮ್ ಹೊಲಿಯೋರಿದಾರೆ. ಆದ್ರೆ ಡಬ್ಬಿಂಗ್‌ಗೆ, ಎಡಿಟಿಂಗ್‌ಗೆ, ಪೇಮೆಂಟ್‌ಗೆ ಅವರು ಬೆಂಗಳೂರಿಗೇ ಬರ್ಬೇಕು. ಹಿಮ್ಮಾವಿನ 150 ಎಕರೇಲಿ ಹತ್ತು ಫ್ಲೋರ್ ಕಟ್ಟಿ, ಪಕ್ಕದಲ್ಲಿ ರೆಸಾರ್ಟು, ಥೀಮ್ ಪಾರ್ಕು ಮಾಡಿದ್ರೆ ಟಿಕೆಟ್ ತಗೊಂಡು ಟೂರಿಸ್ಟು ಬರ್ತಾರೆ, ಬರ್ಲಿ. ಇಂಡಸ್ಟ್ರಿ ಬರ್ಬೇಕು ಅಂದ್ರೆ ಮೈಸೂರಿನ ಊರೊಳಗೆ, ಸರಸ್ವತಿಪುರಂ ಕುವೆಂಪುನಗರ ಅಂಥ ಕಡೆ ಸಣ್ಣ ಸಣ್ಣ ರೂಮು ಹುಟ್ಬೇಕು. ಅದನ್ನ ನೀವು ಕಟ್ಟಕ್ಕಾಗಲ್ಲ, ಹುಟ್ಟೋಕೆ ಬಿಡಬಹುದು.

ಸೀರಿಯಲ್‌ನೋನಾಗಿ ನನ್ನ ಕಷ್ಟ ಒಂದು ಹೇಳ್ತೀನಿ. ಹೋದ ವರ್ಷ ಒಂದು ಪಾರ್ಕಲ್ಲಿ ಅರ್ಧ ದಿನದ ಶೂಟಿಂಗ್‌ಗೆ ಪರ್ಮಿಷನ್ ಬೇಕಿತ್ತು. ಒಂದು ಕಚೇರಿಗೆ ನಾಲ್ಕು ಸಲ ಹೋದೆ, ಮೊದಲ ಸಲ ಸಾಹೇಬ್ರು ರಜ, ಎರಡನೇ ಸಲ ಅರ್ಜಿ ಇಲ್ಲಲ್ಲ ಆನ್‌ಲೈನ್ ಅಂದ್ರು, ಆನ್‌ಲೈನಲ್ಲಿ ಹಾಕಿದ್ರೆ ಪ್ರಿಂಟ್ ತಗೊಂಡು ಬನ್ನಿ ಅಂದ್ರು, ನಾಲ್ಕನೇ ಸಲ ಪರ್ಮಿಷನ್ ಸಿಕ್ತು, ಆದ್ರೆ ಅಷ್ಟ್ರಲ್ಲಿ ಆ ಎಪಿಸೋಡ್ ಟೆಲಿಕಾಸ್ಟ್ ಆಗಿ ಹೋಗಿತ್ತು. ಪಾರ್ಕ್ ಸೀನನ್ನ ಶೂಟಿಂಗ್ ಮನೆ ಹಿತ್ತಲಲ್ಲಿ ನಾಲ್ಕು ಕ್ರೋಟನ್ ಕುಂಡ ಇಟ್ಟು ಮುಗಿಸಿದ್ವಿ. 500 ಕೋಟಿ ಬೇಡ ಸರ್ ಇದಕ್ಕೆ.

ಹಾಗಾಗಿ ನಂಗೆ ಅನ್ಸೋದು ಇಷ್ಟು. ಅದೇ ಬಜೆಟ್ಟಲ್ಲಿ ನಂದಿನಿ ಲೇಔಟಲ್ಲಿ ಚಲನಚಿತ್ರ ಅಕಾಡೆಮಿಯ ಎರಡೂವರೆ ಎಕರೇಲಿ ಮಲ್ಟಿಪ್ಲೆಕ್ಸ್ ಅಂತನೂ ಹೇಳಿದೀರಿ. ಆ ಎರಡೂವರೆ ಎಕರೆ ಕಂಠೀರವದ ಹತ್ರ ಇದೆ, ಈಗ ನಮ್ಮ ಜನ ಇರೋ ಏರಿಯಾಗಳ ಬಾಗಿಲಲ್ಲೇ ಇದೆ, ನನ್ನ ಪ್ರಕಾರ ಹಿಮ್ಮಾವಿನ 150 ಎಕರೆಗಿಂತ ಅದು ಬೆಲೆಬಾಳೋ ಜಾಗ. ಅಲ್ಲಿ ಮಲ್ಟಿಪ್ಲೆಕ್ಸ್ ಮಾಡಿ, ಬೇಡ ಅನ್ನಲ್ಲ, ಆದ್ರೆ ಮೇಲೆ ಎರಡು ಮಹಡಿ ಡಬ್ಬಿಂಗ್ ರೂಮು, ಎಡಿಟ್ ರೂಮು, ಗಂಟೆ ಲೆಕ್ಕದ ಬಾಡಿಗೆಗೆ ಕೊಡಿ. ಹೊಸ ಹುಡುಗರು ಕತೆ ಹೇಳೋಕೆ ಕೂರೋ ಒಂದು ಜಾಗ, ಕೆಳಗೆ ಒಂದು ದರ್ಶಿನಿ, ಬೈಟೂ ಕೊಡ್ಬೇಕು ಅಂತ ಟೆಂಡರಲ್ಲೇ ಬರ್ಸಿ. ನಗ್ಬೇಡಿ, ನಾನು ಸೀರಿಯಸ್ಸಾಗೇ ಹೇಳ್ತಿರೋದು. ವೈಟ್‌ಫೀಲ್ಡಿನ ಆ ವಿಎಫ್ಎಕ್ಸ್ ಹುಡುಗರಿಗೂ ಅಲ್ಲಿ ಒಂದು ಮಹಡಿ ಇರ್ಲಿ, ಲಿಫ್ಟಲ್ಲಾದ್ರೂ ಒಬ್ರಿಗೊಬ್ರು ಮುಖ ನೋಡ್ತಾರೆ. ಚಲನಚಿತ್ರ ವಾಣಿಜ್ಯ ಮಂಡಳಿ ಶಿವಾನಂದ ಸರ್ಕಲ್ ಹತ್ರ, ಕಲಾವಿದರ ಸಂಘ ಚಾಮರಾಜಪೇಟೇಲಿ, ಹುಡುಗ್ರು ನಾಗರಬಾವೀಲಿ, ಈಗ ಸ್ಟುಡಿಯೋ ನಂಜನಗೂಡಲ್ಲಿ ಅಂದ್ರೆ ಒಬ್ಬ ಅಸಿಸ್ಟೆಂಟ್ ಡೈರೆಕ್ಟರ್‌ನ ತಿಂಗಳ ಸಂಬಳ ಬಸ್ ಚಾರ್ಜಿಗೇ ಸರಿಹೋಗುತ್ತೆ. ಮನೆ ಬಾಡಿಗೆಗೆ ಕೊಟ್ಟ ಓನರ್‌ಗೆ ಎಡಿಟಿಂಗ್ ರೂಮು ಇದೆ ಅಂತ ಕರೆಂಟ್ ಬಿಲ್ಲು ಕಮರ್ಷಿಯಲ್ ಆಗುತ್ತೆ ಅನ್ನೋ ಭಯ, ಅದಕ್ಕೇ ಯಾವ ರೂಮಿಗೂ ಬೋರ್ಡಿಲ್ಲ, ಬೋರ್ಡಿಲ್ಲ ಅಂತ ನಿಮ್ಮ ಲೆಕ್ಕಕ್ಕೆ ಅವು ಸಿಗ್ತಿಲ್ಲ. ಸಣ್ಣ ರೂಮುಗಳಿಗೆ ಕರೆಂಟ್ ದರದಲ್ಲಿ ಒಂದು ಸ್ಲ್ಯಾಬ್ ಮಾಡ್ಸಿಕೊಡಿ, ಎರಡು ತಿಂಗಳಲ್ಲಿ ಬೋರ್ಡುಗಳು ತಾವಾಗೇ ಮೇಲೇಳ್ತವೆ. ರಾತ್ರಿ ಶೂಟಿಂಗ್ ಮುಗಿಸಿ ಹನ್ನೆರಡು ಗಂಟೆಗೆ ಕೆಂಗೇರಿ ಕಡೆಯಿಂದ ಹೊರಡೋ ಮೇಕಪ್ ಹೆಣ್ಮಕ್ಕಳಿಗೆ ಒಂದು ಬಸ್ಸು ಸಿಗಲ್ಲ, ಒಂದು ನೈಟ್ ಬಸ್ ಹಾಕ್ಸಿ, ಅದು ಎಲ್ಲಿ ನಿಲ್ಲುತ್ತೋ ನೋಡ್ತಾ ಇರಿ, ಹತ್ತು ವರ್ಷದಲ್ಲಿ ಅಲ್ಲೊಂದು ಗಾಂಧಿನಗರ ಇರುತ್ತೆ.

ಮೈಸೂರಿಗೂ ಹಾಗೇ. ಕಾಂಪೌಂಡಿಗೆ ಮುಂಚೆ ಮೈಸೂರಿಂದ ಹಿಮ್ಮಾವಿಗೆ ಬೆಳಿಗ್ಗೆ ಐದಕ್ಕೆ ಒಂದು ಬಸ್ಸು, ರಾತ್ರಿ ಹನ್ನೊಂದಕ್ಕೆ ವಾಪಸ್ ಒಂದು ಬಸ್ಸು. ಒಂದು ಫ್ಲೋರು ಮೊದ್ಲು ಸೀರಿಯಲ್‌ಗೆ ಬಿಡಿ, ಸೀರಿಯಲ್ಲು ದಿನಾ ನಡೆಯುತ್ತೆ, ದಿನಾ ನಡೆದ್ರೆ ತಾನೇ ಪಕ್ಕದಲ್ಲಿ ಟೀ ಅಂಗಡಿ, ಜನರೇಟರ್ ಬಾಡಿಗೆಯೋನು, ಇಸ್ತ್ರಿಯೋನು ಬರೋದು. ಪಿಚ್ಚರ್ ವರ್ಷಕ್ಕೊಂದ್ಸಲ ಬಂದು ಇಪ್ಪತ್ತು ದಿನ ಇದ್ದು ಹೋಗುತ್ತೆ, ಅದನ್ನ ನಂಬ್ಕೊಂಡು ಟೀ ಅಂಗಡಿನೂ ನಡೆಯಲ್ಲ.

ಇನ್ನೊಂದು ಮಾತು, ಪ್ಲಾನ್ ಮಾಡೋಕೆ ಕನ್ಸಲ್ಟೆಂಟ್ ಕಂಪನಿ ಅಂತ ಹಾಕ್ತೀರಲ್ಲ, ಅವರು ಪಿಪಿಟಿ ಮಾಡ್ಕೊಂಡು ಬರ್ಲಿ, ಅದಕ್ಕೆ ಮುಂಚೆ ಇಲಾಖೆಯಿಂದ ಯಾರಾದ್ರೂ ಒಬ್ರು, ಜೂನಿಯರ್ ಆದ್ರೂ ಪರವಾಗಿಲ್ಲ, ಒಂದು ಬೆಳಿಗ್ಗೆ ಐದೂಕಾಲಿಗೆ ನಾಗರಬಾವಿ ರಿಂಗ್ ರೋಡ್ ಪಕ್ಕ ಬರ್ಲಿ ಸರ್. ಸ್ವೆಟರ್ ಹಾಕ್ಕೊಂಡು ಬರೋಕೆ ಹೇಳಿ, ಚಳಿ ಇರುತ್ತೆ. ಟೀ ಗಾಡಿ ಹತ್ರ ನಾನಿರ್ತೀನಿ, ಕೈಯಲ್ಲಿ ಕಾಲ್‌ಶೀಟ್ ಪೇಪರಿರುತ್ತೆ, ಐದೂವರೆಗೆ ವ್ಯಾನು ಬರುತ್ತೆ. ಎಷ್ಟು ಜನ ಹತ್ತಿದ್ರು, ಯಾವ ಯಾವ ಗಲ್ಲಿಯಿಂದ ಬಂದ್ರು ಅಂತ ಬರ್ಕೊಂಡು ಹೋಗ್ಲಿ. ವ್ಯಾನಲ್ಲಿ ಒಂದು ಸೀಟು ಖಾಲಿ ಇಟ್ಟಿರ್ತೀನಿ.

ಇಂತಿ ನಿಮ್ಮ ವಿಶ್ವಾಸಿ,
ಗಾಂಧಿನಗರದ ಒಬ್ಬ ಹಳೇ ಬಾಕ್ಸ್ ಹುಡುಗ